ಬಾಗಿಲಿಲ್ಲದ ಮನೆಯಲ್ಲಿ ಹಾಲುಕ್ಕಿಸಿದ್ದು

ಬೈಲಹೊಂಗಲ
೧೧ ಅಕ್ಟೋಬರ್ ೨೦೨೫

ಪ್ರೀತಿಯ ಮಹಾನಂದಾ,

ಮೊದಲು ‘ಚಿರಂಜೀವಿ ಸೌಭಾಗ್ಯವತಿ’ ಎಂದು ಶುರು ಮಾಡಿದ್ದೆ. ನೀನು ಬಾಯಿಗೆ ಸೆರಗು ಹಿಡಿದು ನಗುವುದು ಕಣ್ಣ ಮುಂದೆ ಬಂತು, ಆ ಹಾಳೆ ಹರಿದು ಒಗೆದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಿನಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ತಡವಾಯಿತು, ಬೈಯಬೇಡ. ದಸರೆಗೆ ಬಿಟ್ಟ ಹೆಚ್ಚುವರಿ ಬಸ್ಸುಗಳ ಮೇಲೆಲ್ಲ ನನ್ನನ್ನೇ ಹಾಕಿದರು ಎಂಬುದು ಒಂದು ನೆಪ. ಬರೆಯಲು ಧೈರ್ಯ ಸಾಲಲಿಲ್ಲ ಎಂಬುದು ಖರೆ ಕಾರಣ. ಅದನ್ನು ಆಮೇಲೆ ಹೇಳುತ್ತೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ನಿಮ್ಮ ಅಣ್ಣ ಶಟ್ಟೆಪ್ಪನ ಮನೆಯಲ್ಲಿ ಫೋನು ಸ್ಪೀಕರಿನ ಮೇಲೆಯೇ ಹುಟ್ಟಿ ಸ್ಪೀಕರಿನ ಮೇಲೆಯೇ ಬೆಳೆದದ್ದು. ನಾನು ಇಲ್ಲಿಂದ ಏನು ಮಾಡುತ್ತಿದ್ದೀ ಎಂದರೆ ರಾಮದುರ್ಗದ ಇಡೀ ಪಡಸಾಲೆ ಉತ್ತರ ಕೊಡುತ್ತದೆ. ನಿನ್ನ ಫೋನಿಗೆ ಮಾಡಿದರೂ ನೀನು ಅದನ್ನು ತಂದು ಎಲ್ಲರ ನಡುವೆ ಇಡುತ್ತೀ. ಬೇಕೆಂತಲೇ ಇಡುತ್ತೀ ಎಂದು ನನಗೆ ಗೊತ್ತು. ಡ್ರೈವರ್ ಪರಪ್ಪನ ಕೈಯಲ್ಲಿ ಚೀಟಿ ಕಳಿಸೋಣವೆಂದರೆ ಡಿಪೋದವರೆಲ್ಲ ಓದಿಯೇ ಮುಂದೆ ಬಿಡುತ್ತಾರೆ. ಅದಕ್ಕೇ ಅಂಚೆಯ ದಾರಿ ಹಿಡಿದೆ. ಪೋಸ್ಟ್ ಆಫೀಸಿನವರು ಲಕೋಟೆ ಕೊಡುವಾಗ ನನ್ನನ್ನು ಒಂದು ಥರ ನೋಡಿದರು.

ನಿನ್ನ ಕೆಮ್ಮು ಹೇಗಿದೆ? ಶೀಗಿ ಹುಣ್ಣಿಮೆಗೆ ಅಣ್ಣನ ಹೊಲದಲ್ಲಿ ಭೂಮಿತಾಯಿಗೆ ಎಡೆ ಇಟ್ಟು ಚರಗ ಚೆಲ್ಲಲು ಹೋಗಿದ್ದೆಯಂತೆ, ವೈನಿ ಹೇಳಿದರು. ಇಬ್ಬನಿಯಲ್ಲಿ ತಿರುಗಬೇಡ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಮತ್ತಿಷ್ಟು ತಿರುಗುತ್ತೀ. ನಾನು ಆರಾಮಾಗಿದ್ದೇನೆ. ಎದುರು ಮನೆಯ ಯಲ್ಲವ್ವ ಆ ದಿನ ಎಣ್ಣೆಗಾಯಿ ಪಲ್ಯ, ಸಜ್ಜಿ ರೊಟ್ಟಿ ಕೊಟ್ಟಿದ್ದಳು. ಪಾತ್ರೆ ವಾಪಸು ಕೊಡಲು ಹೋದಾಗಲೆಲ್ಲ, ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳುತ್ತಾಳೆ. ಗೋಡೆಯ ಹಸಿಗೆ ಕೆಮ್ಮು ಜಾಸ್ತಿಯಾಗಿ ತವರಿಗೆ ಹೋಗಿದ್ದಾಳೆ, ಹಸಿ ಆರಿದ ಮೇಲೆ ಬರುತ್ತಾಳೆ ಎನ್ನುತ್ತೇನೆ. ಮತ್ತೆ ಅದನ್ನೇ ಹೇಳಬೇಕಲ್ಲ ಎಂದು ಈ ಸಲದ ಪಾತ್ರೆ ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದೆ.

ಈಗ ಸುದ್ದಿ ಕೇಳು. ಕೇಸು ನಮ್ಮ ಕಡೆ ಆಯಿತು. ಬೆಳಗಾವಿಯ ಗ್ರಾಹಕರ ಆಯೋಗದವರು ಬಿಲ್ಡರ್ ಸುಭಾಸನ ವಿರುದ್ಧ ಆದೇಶ ಬರೆದರು. ನಮ್ಮ ವಕೀಲರಾದ ಭಾವನಾ ಮೇಡಂ ಫೋನ್ ಮಾಡಿ ಹೇಳಿದಾಗ ನಾನು ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕುಬಿದ್ದ ಬಸ್ಸಿನಲ್ಲಿದ್ದೆ. ಸಂತೋಷಕ್ಕೆ ಮುಂದಿದ್ದ ಮುದುಕನಿಗೆ ಎರಡು ಸಲ ಟಿಕೆಟ್ ಹರಿಯಲು ಹೋದೆ. ಅವನು ನನ್ನ ಕೈ ಹಿಡಿದು, ತಮ್ಮಾ, ಊರಿಗೆ ಹೋಗುವುದು ಒಂದೇ ಸಲ ಎಂದ.

ಕೊನೆಯ ವಿಚಾರಣೆಗೆ ನೀನಿರಬೇಕಿತ್ತು. ಸುಭಾಸನ ವಕೀಲರು ಎದ್ದು ನಿಂತು ನಮ್ಮ ಕಥೆ ಹೇಳಿದರು. ಆ ಕಥೆಯಲ್ಲಿ ನಾವು ಎಷ್ಟು ಸುಖವಾಗಿದ್ದೆವೆಂದರೆ ನನಗೇ ಹೊಟ್ಟೆಕಿಚ್ಚಾಯಿತು. ಈ ದಂಪತಿ ಸಂತೋಷದಿಂದ ಮನೆಯ ಸ್ವಾಧೀನ ಪಡೆದಿದ್ದಾರೆ, ನೆಂಟರಿಷ್ಟರಿಗೆ ಊಟ ಹಾಕಿದ್ದಾರೆ, ಮನೆ ಕಟ್ಟಿದವರನ್ನು ಮೆಚ್ಚಿ ಸನ್ಮಾನ ಮಾಡಿದ್ದಾರೆ, ಈಗ ತಕರಾರು ತೆಗೆದಿದ್ದಾರೆ ಎಂದರು. ಅದಕ್ಕೆ ಪುರಾವೆಯಾಗಿ ಎರಡು ಕೊಟ್ಟರು. ಒಂದು, ‘ನೂತನ ಗೃಹಪ್ರವೇಶ’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿದ ನಮ್ಮದೇ ಆಮಂತ್ರಣ. ಇನ್ನೊಂದು ಫೋಟೋ. ಅದರಲ್ಲಿ ನಿಮ್ಮ ಅಣ್ಣ ಶಟ್ಟೆಪ್ಪ ಸುಭಾಸನ ತಲೆಗೆ ಸ್ವತಃ ರುಮಾಲು ಸುತ್ತುತ್ತಿದ್ದಾನೆ. ನಾನು ಪಕ್ಕದಲ್ಲಿ ಆಯೇರಿಗೆಂದು ತಂದ ಉಡುಗೊರೆಯ ಬಟ್ಟೆ, ಕಾಯಿ ಹಿಡಿದು ಹಲ್ಲು ಕಿಸಿಯುತ್ತಿದ್ದೇನೆ. ನೀನು ಸುಭಾಸನ ಹೆಂಡತಿಗೆ ಕುಂಕುಮ ಹಚ್ಚುತ್ತಿದ್ದೀ.

ನೋಡು, ನಮ್ಮ ಜನ ಎಂಥವರು. ಆಷಾಢ ಬರುವುದರೊಳಗೆ ವಾಸ್ತುಶಾಂತಿ ಆಗಲೇಬೇಕು, ಈ ಮುಹೂರ್ತ ತಪ್ಪಿದರೆ ದೀಪಾವಳಿಯ ತನಕ ಇಲ್ಲ ಎಂದರು ಸ್ವಾಮಿಗಳು. ಸುಭಾಸನೂ ಮಾಡ್ರಿ ಮಾಮಾ, ಮುಂದಿನ ವಾರ ಬಾಗಿಲು ಕೂಡಿಸುತ್ತೇನೆ ಎಂದ. ಬರೀ ಚೌಕಟ್ಟಿಗೆ ತೋರಣ ಕಟ್ಟಿದೆವು. ನಳ ಇರಲಿಲ್ಲ, ಯಲ್ಲವ್ವನ ಮನೆಯಿಂದ ನೀರು ತಂದೆವು. ಒಲೆಯ ಕಟ್ಟೆ ಇರಲಿಲ್ಲ, ನೆಲದ ಮೇಲೆ ಇಟ್ಟಿಗೆ ಹೂಡಿ ಹಾಲು ಉಕ್ಕಿಸಿದೆವು. ಕಟ್ಟಿದವನಿಗೆ ಆಯೇರಿ ಮಾಡದೆ ಹಾಗೇ ಕಳಿಸಿದರೆ ಮನೆಗೆ ಶ್ರೇಯಸ್ಸಲ್ಲ ಎಂದು ರುಮಾಲು ಸುತ್ತಿದೆವು. ಬಾಗಿಲು ಬರಲು ಎರಡು ಮಳೆಗಾಲ ಹಿಡಿಯಿತು. ನಾವು ಬಾಡಿಗೆ ಮನೆ ಬಿಟ್ಟು ಬಂದ ಮೇಲೆ ತಿಳಿಯಿತು, ಬಚ್ಚಲಿನ ನೀರು ಮೋರಿಯ ಕಡೆ ಹೋಗದೆ ದೇವರ ಮನೆಯ ಕಡೆ ಹರಿಯುತ್ತದೆ ಎಂದು. ನೀನು ಪೂಜೆಗೆ ಕೂತಾಗ ಗಂಗೆ ತಾನೇ ಬಂದಳು ಎಂದು ನಾನು ನಗಿಸಲು ನೋಡಿದ್ದೆ. ನೀನು ನಗಲಿಲ್ಲ.

ಇರಲಿ. ಫೋಟೋ ನೋಡಿ ಭಾವನಾ ಮೇಡಂ ಮುಖ ಕೂಡ ಸಣ್ಣದಾಯಿತು. ಇದನ್ನೇಕೆ ನನಗೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದರು. ಹೇಳುವಂಥದ್ದೇನಿತ್ತು ಅದರಲ್ಲಿ? ವಾಸ್ತುಶಾಂತಿಗೂ ಕೋರ್ಟಿಗೂ ಏನು ಸಂಬಂಧ ಎಂದುಕೊಂಡಿದ್ದೆ. ಆಯೋಗದ ಅಧ್ಯಕ್ಷರು, ಅದೇ ಕನ್ನಡಕದ ಮೇಡಂ, ಫೋಟೋ ಕೈಯಲ್ಲಿ ಹಿಡಿದು ನನ್ನನ್ನೇ ಕರೆದರು. ನೀವೇ ಸನ್ಮಾನ ಮಾಡಿದ್ದೀರಿ, ನೀವೇ ದೂರು ಕೊಟ್ಟಿದ್ದೀರಿ, ಇದನ್ನು ಹೇಗೆ ತಿಳಿಯಬೇಕು ಎಂದರು. ತುಂಬಿದ ಬಸ್ಸಿನಲ್ಲಿ ದನಿ ಏರಿಸುವವನಿಗೆ ಅಲ್ಲಿ ಎಷ್ಟು ದನಿಯಲ್ಲಿ ಮಾತಾಡಬೇಕೆಂದೇ ತಿಳಿಯಲಿಲ್ಲ. ಆಮೇಲೆ ಬಾಯಿಗೆ ಬಂದದ್ದನ್ನು ಅಂದೆ.

“ಮೇಡಂ, ಹಾಲು ಉಕ್ಕಿಸೋದು ದೇವರ ಸಲುವಾಗಿರಿ. ಕೀಲಿ ಇಸ್ಕೊಳ್ಳೋದು ಬಿಲ್ಡರ್ ಕಡಿಂದ. ಅವತ್ತ ದೇವರ ಕೆಲಸ ಆತು, ಬಿಲ್ಡರಂದು ಆಗಿಲ್ಲರಿ.”

ಹಾಗಾದರೆ ಕೀಲಿ ಯಾವಾಗ ಕೊಟ್ಟರು ಎಂದು ಕೇಳಿದರು.

“ಬಾಗಿಲಾನ ಇರಲಿಲ್ಲರಿ ಮೇಡಂ, ಕೀಲಿ ಎಲ್ಲಿಂದ ಬರಬೇಕು?”

ಮೇಡಂ ಫೋಟೋವನ್ನು ಮತ್ತೊಮ್ಮೆ ನೋಡಿದರು. ನಿಮ್ಮ ಅಣ್ಣನ ಹಿಂದೆ ಬರೀ ಚೌಕಟ್ಟು, ಅದರಾಚೆ ಸ್ಲ್ಯಾಬಿಗೆ ಇನ್ನೂ ಆನಿಸಿಟ್ಟ ಬೊಂಬುಗಳು ಕಾಣುತ್ತಿದ್ದವು. ಅದನ್ನು ಅವರು ಸುಭಾಸನ ವಕೀಲರಿಗೆ ತೋರಿಸಿ, ಇದನ್ನು ನೀವೇ ಹಾಜರುಪಡಿಸಿದ್ದು, ನೆನಪಿರಲಿ ಎಂದರು. ಪೂಜೆ ಮಾಡಿದ ಮಾತ್ರಕ್ಕೆ ಸ್ವಾಧೀನ ಪಡೆದಂತಲ್ಲ ಎಂದು ಆದೇಶದಲ್ಲಿಯೇ ಬರೆದಿದ್ದಾರೆ. ಹೊರಗೆ ಬಂದ ಮೇಲೆ ಸುಭಾಸ ನನ್ನ ಮುಂದೆಯೇ ಹಾದುಹೋದ. ಮಾಮಾ ಎನ್ನಲಿಲ್ಲ. ಇಷ್ಟು ವರ್ಷ ಅನ್ನಿಸಿಕೊಂಡು ಆ ಶಬ್ದದ ಮೇಲೆ ನನಗೂ ಮನಸ್ಸು ಉಳಿದಿರಲಿಲ್ಲ. ಶಟ್ಟೆಪ್ಪನಿಗೆ ಹೇಳು, ಅವನ ರುಮಾಲು ದಂಡವಾಗಲಿಲ್ಲ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಆಯೋಗದವರು ನಮಗೆ ಎರಡು ದಾರಿ ಕೊಟ್ಟಿದ್ದಾರೆ. ಮನೆ ಬೇಕೆಂದರೆ ಸುಭಾಸ ಸೋರುವುದನ್ನು, ಬಚ್ಚಲನ್ನು, ನೀರಿನ ಪೈಪನ್ನು ತನ್ನ ಖರ್ಚಿನಲ್ಲಿ ಸರಿಮಾಡಿ, ಮನೆ ಪೂರ್ಣಗೊಂಡ ಸರ್ಟಿಫಿಕೇಟು ತಂದುಕೊಡಬೇಕು. ಮನೆ ಬೇಡವೆಂದರೆ ಕೊಟ್ಟದ್ದನ್ನೆಲ್ಲ ಬಡ್ಡಿ ಸಮೇತ ತಿರುಗಿ ಕೊಟ್ಟು ಮನೆ ತಾನು ಇಟ್ಟುಕೊಳ್ಳಬೇಕು. ಯಾವುದು ಎಂದು ದೀಪಾವಳಿಯೊಳಗೆ ಬರೆದುಕೊಡಬೇಕು. ಮನೆ ಇಬ್ಬರ ಹೆಸರಿಗಿದೆ, ಇಬ್ಬರ ಸಹಿ ಬೇಕು. ನನ್ನದೊಂದೇ ನಡೆಯುವುದಿಲ್ಲ ಎಂದು ಭಾವನಾ ಮೇಡಂ ಹೇಳಿದಾಗ ನನಗೆ ಸಿಟ್ಟು ಬರಬೇಕಿತ್ತು, ಒಳಗೊಳಗೇ ಸಂತೋಷವಾಯಿತು. ಸಹಿಗಾದರೂ ನೀನು ಬರಬೇಕಲ್ಲ.

ನನ್ನ ಮನಸ್ಸು ಕೇಳಿದರೆ, ನನಗೆ ಈ ಮನೆ ಬೇಕು. ಇದರ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಅಷ್ಟೇ ಜೀವವೂ ಇದೆ. ಮಳೆ ಬಂದ ದಿನ ಸಣ್ಣ ಕೋಣೆಯಲ್ಲಿ ಬೋಗುಣಿಗಳನ್ನು ಇಡುತ್ತಾ, ತುಂಬಿದ್ದನ್ನು ಚೆಲ್ಲುತ್ತಾ, ಸುಭಾಸನಿಗೆ ಬೈಯುತ್ತಾ ಹೊತ್ತು ಕಳೆಯುತ್ತೇನೆ. ನೀನಿದ್ದಾಗ ಇಬ್ಬರೂ ಸೇರಿ ಬೈಯುತ್ತಿದ್ದೆವು, ಅದರಲ್ಲಿ ಒಂದು ರುಚಿಯಿತ್ತು. ಒಬ್ಬನೇ ಬೈದರೆ ಗೋಡೆಗಳೂ ಕೇಳುವುದಿಲ್ಲ. ಆದರೆ ನೀನು ಬೇಡವೆಂದರೆ ನನಗೂ ಬೇಡ. ಮತ್ತೆ ಬಾಡಿಗೆ ಮನೆಗೆ ಹೋಗೋಣ, ರಾಮದುರ್ಗದಲ್ಲಿಯೇ ಮಾಡು ಎಂದರೆ ವರ್ಗಾವಣೆ ಕೇಳುತ್ತೇನೆ. ನಿನ್ನನ್ನು ಬಿಟ್ಟು ನನಗೆ ಇರಲು ಆಗುತ್ತಿಲ್ಲ. ಸುತ್ತು ಬಳಸಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೆ ಹೀಗೆ ನೇರವಾಗಿ ಬರೆದಿದ್ದೇನೆ.

ಹೋದ ಸೋಮವಾರ ನನಗೆ ಸವದತ್ತಿಯ ಮೇಲೆ ಹೋಗುವ ರಾಮದುರ್ಗದ ಬಸ್ಸು ಸಿಕ್ಕಿತ್ತು. ನಿನಗೆ ಗೊತ್ತಾಗಿರಲಿಕ್ಕಿಲ್ಲ. ಮಲಪ್ರಭೆಯ ಸೇತುವೆ ದಾಟುವಾಗ ಹೊಳೆ ತುಂಬಿಕೊಂಡು ಕೆಂಪಗೆ ಹರಿಯುತ್ತಿತ್ತು. ಬಸ್ ನಿಲ್ದಾಣದಿಂದ ನಿಮ್ಮ ಓಣಿಯ ಮೂಲೆಯ ಕಿರಾಣಿ ಅಂಗಡಿ ಕಾಣುತ್ತದೆ. ಹೆಗಲ ಮೇಲೆ ಕ್ಯಾಶಿನ ಚೀಲ, ಬಸ್ಸು ಬಿಟ್ಟು ಹೋಗುವಂತಿಲ್ಲ. ಬಾಗಿಲಿಗೆ ನಿಂತು ಆ ಅಂಗಡಿಯನ್ನೇ ನೋಡುತ್ತಿದ್ದೆ, ನೀನು ಏನಾದರೂ ತರಲು ಬಂದೆಯೇನೋ ಎಂದು. ನಿನ್ನಂಥದೇ ಹಸಿರು ಇಳಕಲ್ ಸೀರೆಯ ಒಬ್ಬರು ಬಂದರು. ನೀನಲ್ಲ. ಪರಪ್ಪ ಹಾರ್ನ್ ಹೊಡೆದು, ಮನಿಗೆ ಹೋಗಿ ಚಾ ಕುಡದ ಬಾರಪಾ, ನಾ ಇರತೇನಿ ಎಂದ. ಹೋಗಬಹುದಿತ್ತು. ಹೋಗಿ ಪಡಸಾಲೆಯಲ್ಲಿ ಕೂತು ಎಲ್ಲರ ಮುಂದೆ ಚಹಾ ಕುಡಿದು ಎದ್ದು ಬರುವುದು ಬೇಡವಾಗಿತ್ತು. ಬೈಲಹೊಂಗಲ, ಬೈಲಹೊಂಗಲ ಎಂದು ಕೂಗಿ ಜನ ಹತ್ತಿಸಿಕೊಂಡು ಬಂದುಬಿಟ್ಟೆ.

ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಬರಲು ಗಂಡನ ಹತ್ತಿರ ಚಾರ್ಜಿಗೆ ಕೇಳಬೇಕಾಗಿಲ್ಲ. ಆಧಾರ್ ಕಾರ್ಡ್ ತೋರಿಸು, ಸಾಕು. ನನ್ನ ಬಸ್ಸಿಗೇ ಹತ್ತಿದರೆ ನಾನೂ ತೋರಿಸು ಎಂದೇ ಕೇಳುತ್ತೇನೆ, ಕಾಯಿದೆ ಕಾಯಿದೆಯೇ.

ಶಟ್ಟೆಪ್ಪನಿಗೆ, ವೈನಿಗೆ ನನ್ನ ನಮಸ್ಕಾರ ಹೇಳು. ಔಷಧಿ ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನ್ನ ಪಾಲಿನ ನಿದ್ದೆಯನ್ನೂ ನಿನಗೇ ಕೊಡಲಿ. ಆದೇಶದ ನಕಲು, ಸಹಿಯ ಕಾಗದ ಎರಡನ್ನೂ ಇದರೊಂದಿಗೆ ಇಟ್ಟಿದ್ದೇನೆ.

ನಿನ್ನ
ಲಕ್ಷ್ಮಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು, ಬರೆಯಲು ಧೈರ್ಯ ಸಾಲದೆ ಇದ್ದದ್ದೂ ಇದಕ್ಕೇ. ಆದೇಶದ ನಕಲು ಓದುವಾಗ ಒಂದು ಸಾಲು ನಿನ್ನ ಕಣ್ಣಿಗೆ ಬೀಳುತ್ತದೆ: ‘ಮಕ್ಕಳ ಕೋಣೆಯ ಸ್ಲ್ಯಾಬ್ ಸೋರಿಕೆಯನ್ನು ದುರಸ್ತಿ ಮಾಡಿಕೊಡತಕ್ಕದ್ದು.’ ನಾವು ಸಣ್ಣ ಕೋಣೆ ಎನ್ನುವುದಕ್ಕೆ ಸುಭಾಸನ ನಕ್ಷೆಯಲ್ಲಿ ಆ ಹೆಸರಿದೆ. ಅವನು ಎಲ್ಲ ಮನೆಗಳಿಗೂ ಅದೇ ನಕ್ಷೆ ಮಾಡಿಸಿದ್ದ. ಬೇರೆ ಹೆಸರು ಹಾಕಲು ಬರುತ್ತದೆಯೇ ಎಂದು ನಾನು ಬೆಳಗಾವಿಗೆ ಹೋಗಿ ಕೇಳಿದೆ. ನಕ್ಷೆಯಲ್ಲಿ ಹೇಗಿದೆಯೋ ಹಾಗೇ ಬರುತ್ತದೆ ಎಂದರು.

ನೀನು ಹೋದದ್ದು ಹಸಿಗೆ ಅಲ್ಲ, ಕೆಮ್ಮಿಗೂ ಅಲ್ಲ, ನನಗೆ ಗೊತ್ತು. ನೀನು ಬಂದ ಒಂದೇ ವಿಚಾರಣೆಯಲ್ಲಿ, ಕಾಗದ ಓದುತ್ತಿದ್ದ ಆ ಕನ್ನಡಕದ ಮೇಡಂ ಪಾಪ ಅಂತಃಕರಣದಿಂದಲೇ ನಿನ್ನನ್ನು ಕೇಳಿದರು, ಮಕ್ಕಳ ಕೋಣೆ ಸೋರಿದರೆ ಮಕ್ಕಳು ಎಲ್ಲಿ ಮಲಗುತ್ತಾರಮ್ಮಾ ಎಂದು. ಅಲ್ಲಿ ಕೂತವರೆಲ್ಲ ನಿನ್ನನ್ನೇ ನೋಡುತ್ತಿದ್ದರು. ನೀನು ಸೆರಗು ಸರಿಮಾಡಿಕೊಂಡು, “ನಾವಿಬ್ಬರ ಇರೋದ್ರಿ” ಎಂದೆ. ಬೆಳಗಾವಿಯಿಂದ ಮನೆ ಮುಟ್ಟುವತನಕ ನೀನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಮರುದಿನ ರಾಮದುರ್ಗದ ಬಸ್ಸು ಹತ್ತಿದೆ.

ಮನೆ ಇಟ್ಟುಕೊಳ್ಳುವುದೋ ಬಿಡುವುದೋ, ನಿನ್ನ ಮನಸ್ಸು. ಆದರೆ ಮಹಾನಂದಾ, ಅವತ್ತು ಆಯೋಗದ ಮುಂದೆ ನೀನು ಹೇಳಿದ ಮಾತು ಈಗ ಸುಳ್ಳಾಗಿದೆ. ಇಲ್ಲಿ ಇಬ್ಬರಿಲ್ಲ, ನಾನೊಬ್ಬನೇ ಇದ್ದೇನೆ. ಬಂದು ಅದನ್ನು ಖರೆ ಮಾಡು.