ಹನ್ನೊಂದು ಮೊಳೆಗಳ ಹಲಗೆ

ತಾ. ೧೪-೧೧, ಶುಕ್ರವಾರ

ಮುದ್ದಿನ ಮಗಳಿಗೆ,

ಅಮ್ಮನ ಆಶೀರ್ವಾದ, ಅಪ್ಪನದೂ ಸೇರಿಸಿ. ನಿನ್ನ ಎರಡು ಕಾಗದಗಳೂ ತಲುಪಿವೆ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟುಕೊಂಡು, ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಎಂದು ಮೂರು ವಾರ ತಳ್ಳಿದೆ. ಮೊದಲ ಎರಡು ವಾರ ಚಳಿಗಾಲದ ಕೋಟುಗಳ ರಾಶಿ, ತಲೆ ಎತ್ತಲು ಪುರಸೊತ್ತಿರಲಿಲ್ಲ. ಈ ವಾರ ಮಾತ್ರ ಪುರಸೊತ್ತಿತ್ತು, ಕೈ ಏಳಲಿಲ್ಲ. ಮುನಿಸಿಕೊಳ್ಳುವುದಿದ್ದರೆ ಪೂರ್ತಿ ಓದಿ ಆಮೇಲೆ ಮುನಿಸಿಕೊ. ಅಳಿಯಂದಿರ ಕೆಮ್ಮು ಹೇಗಿದೆ? ಸ್ವೆಟರಿನ ತೋಳು ಉದ್ದವಾಯಿತು ಎಂದಿದ್ದೆ. ಮಡಚಿ ಹಾಕಿಕೊಳ್ಳಲಿ, ನೀನು ಕತ್ತರಿ ಹಾಕಲು ಹೋಗಬೇಡ. ನಿನ್ನ ಕತ್ತರಿ ಕೆಲಸ ನನಗೆ ಗೊತ್ತು.

"ಆ ಗಲ್ಲಿಯಲ್ಲಿ ಏನಿದೆ ಅಂತ ಅಂಟಿಕೊಂಡಿದ್ದೀರಿ, ಇಲ್ಲಿಗೇ ಬಂದುಬಿಡಿ" ಎಂದು ಬರೆದಿದ್ದೀಯ. ಒಂದು ವಾರದ ಹಿಂದೆ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಏನಿತ್ತು ಎಂದು ಹೇಳಬಲ್ಲೆ, ಯಾಕೆಂದರೆ ಈಗ ಅದು ಇಲ್ಲ.

ನನ್ನ ಯಂತ್ರದ ಹಿಂದಿನ ಹಲಗೆ ನೆನಪಿದೆಯಲ್ಲ? ಹನ್ನೊಂದು ಮೊಳೆ, ಹನ್ನೊಂದು ಮನೆಯ ಬೀಗದ ಕೈ. ಗುರುತಿಗೆ ಆಯಾ ಮನೆಯ ಬಟ್ಟೆಯದೇ ಒಂದೊಂದು ಚೂರು ಕಟ್ಟಿದ್ದೆ. ಬಸ್ ಕಂಡಕ್ಟರನದಕ್ಕೆ ಖಾಕಿ, ರಿಟೈರಾದ ಮೇಷ್ಟ್ರದಕ್ಕೆ ಬೂದು ಪ್ಯಾಂಟಿನ ತುಂಡು, ಮಹಡಿ ಮನೆಯ ನರ್ಸಿನದಕ್ಕೆ ಬಿಳಿ. ಯಾರ ಮನೆಯ ನಲ್ಲಿ ತೆರೆದೇ ಉಳಿದಿರಲಿ, ಯಾರ ಬೆಕ್ಕು ಒಳಗೆ ಸಿಕ್ಕಿಕೊಂಡಿರಲಿ, ಓಡಿ ಬರುವುದು ನಮ್ಮ ಹಲಗೆಗೇ. ನಿಮ್ಮಪ್ಪ ಇಸ್ತ್ರಿ ಮಾಡಿದ ಬಟ್ಟೆಯನ್ನು ತಾವೇ ಬಾಗಿಲು ತೆಗೆದು ಕುರ್ಚಿಯ ಮೇಲೆ ಇಟ್ಟು ಬರುತ್ತಿದ್ದರು. ಒಂಬತ್ತು ವರ್ಷದಿಂದ ಇದೇ ನಡೆದು ಬಂದಿತ್ತು. ಒಂಬತ್ತು ವರ್ಷ ಎಂದು ಯಾಕೆ ಲೆಕ್ಕ ಹೇಳುತ್ತಿದ್ದೇನೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಅವರು ಇಸ್ಪೀಟು ಬಿಟ್ಟು ಅಷ್ಟೇ ವರ್ಷವಾಯಿತು. ಇಸ್ಪೀಟಿನ ಸಾಲಕ್ಕೆ ನಮ್ಮ ಗೋಡೆ ಗಡಿಯಾರ ಗೋಡೆಯಿಂದ ಇಳಿದು ಹೋದ ದಿನ ನೀನು ಸ್ಕೂಲಿನಿಂದ ಬಂದು "ಗಂಟೆ ಎಷ್ಟು" ಎಂದು ಬರಿಯ ಗೋಡೆಯನ್ನೇ ನೋಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಕಳೆದ ಶನಿವಾರ ನರ್ಸಿನ ಬೀಗದ ಕೈ ಮೊಳೆಯಲ್ಲಿ ಇರಲಿಲ್ಲ. ಅಂಗಡಿಯನ್ನೆಲ್ಲ ಜಾಲಾಡಿದೆ. ಚಿಂದಿ ಮೂಟೆ ಬಿಚ್ಚಿ ಸುರಿದೆ, ಯಂತ್ರದ ಕೆಳಗೆ ಕಸಬರಿಕೆ ಆಡಿಸಿದೆ. ಸೂಜಿ ಸಿಕ್ಕಿದವು, ಬೀಗದ ಕೈ ಸಿಗಲಿಲ್ಲ. ಅವಳು ಪಾಪ, "ಹೋಗ್ಲಿ ಬಿಡಿ ಆಂಟಿ, ಬೀಗ ಬದಲಾಯಿಸ್ಕೊತೀನಿ" ಅಂದಳು. ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬುಧವಾರ ಅವಳ ತಾಯಿಯ ಕೈಗಡಿಯಾರ ಕಾಣುತ್ತಿಲ್ಲ ಎಂದಾಯಿತು. ಹಿಂದಿನ ವಾರ ಆ ಮನೆಯ ಬಾಗಿಲು ತೆಗೆದವರು ಯಾರು ಎಂದರೆ, ನಿಮ್ಮಪ್ಪ.

ನಿನ್ನೆ ಸಂಜೆ ಐದಾರು ಜನ ಅಂಗಡಿಯ ಮುಂದೆ ಸೇರಿದರು. ಮೇಷ್ಟ್ರೇ ಮಾತು ತೆಗೆದರು. "ನಾನು ಯಾರ ಕಡೆಗೂ ಬೆಟ್ಟು ಮಾಡ್ತಿಲ್ಲಮ್ಮ. ಆದ್ರೆ ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಸೋಮವಾರದವರೆಗೆ ನೋಡೋಣ. ಆಮೇಲೆ ಪೊಲೀಸರಿಗೆ ಹೇಳದೆ ವಿಧಿ ಇಲ್ಲ."

ನನ್ನ ಬಾಯಿ ನಿನಗೆ ಗೊತ್ತಲ್ಲ. "ಮೇಷ್ಟ್ರೇ, ಇವರು ಒಂಬತ್ತು ವರ್ಷದಿಂದ ನಿಮ್ಮನೆ ಬಾಗ್ಲು ತೆಗೆದು ಬಟ್ಟೆ ಇಟ್ಟು ಬಂದಿದ್ದಾರೆ. ಒಂದು ಗುಂಡಿ ಕಳೆದಿದೆಯಾ ಹೇಳಿ. ನನ್ನ ಗಂಡನ ಮೇಲೆ ನನಗೆ ನಂಬಿಕೆ ಇದೆ. ಇಲ್ಲದೋರು ನಿಮ್ಮ ನಿಮ್ಮ ಬೀಗದ ಕೈ ತಗೊಂಡು ಹೋಗಿ" ಅಂದೆ.

ತೆಗೆದುಕೊಂಡು ಹೋಗುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಮೊದಲು ಮೇಷ್ಟ್ರು ತಮ್ಮದನ್ನು ಇಳಿಸಿಕೊಂಡರು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಕಂಡಕ್ಟರ್ ಎಲ್ಲರೂ ಹೋಗುವವರೆಗೆ ಕಾದು, "ತಪ್ಪು ತಿಳ್ಕೋಬೇಡಿ ಅಕ್ಕ, ಮನೇಲಿ ಹೆಂಡ್ತಿ ಕೇಳ್ತಿಲ್ಲ" ಎಂದು ತನ್ನದನ್ನೂ ತೆಗೆದುಕೊಂಡ. ನಿಮ್ಮಪ್ಪ ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದರು. ವಾಸನೆ ಬಂದಾಗ ತಿರುಗಿ ನೋಡಿದೆ. ಇಸ್ತ್ರಿ ಪೆಟ್ಟಿಗೆ ಎತ್ತಲು ಮರೆತು ಯಾರದೋ ಅಂಗಿಯ ಬೆನ್ನು ಕಂದಿಹೋಗಿತ್ತು.

ಇವತ್ತು ಬೆಳಿಗ್ಗೆ ಐದೂವರೆಗೆ ಎಚ್ಚರವಾಗಿ ಕಾದು ಕುಳಿತೆ. ಆ ಹೊತ್ತಿಗೆ ಕಂಡಕ್ಟರ್ ನಮ್ಮ ಕಿಟಕಿಯಿಂದ ಒಳಕ್ಕೆ ಬೀಗದ ಕೈ ಎಸೆದು "ರೈಟ್" ಎಂದು ಕೂಗಿ ಡ್ಯೂಟಿಗೆ ಓಡುತ್ತಿದ್ದ. ನಿದ್ದೆ ಕೆಡಿಸುತ್ತಾನೆ ಎಂದು ನಾನು ಎಷ್ಟು ಸಲ ಬೈದಿಲ್ಲ. ಇವತ್ತು ಎದುರು ಬದಿಯಿಂದ, ಚಪ್ಪಲಿ ಸದ್ದಾಗದಂತೆ ಹೋದ. ನರ್ಸು ಪಾಳಿ ಮುಗಿಸಿ ಬಂದು ಹೊಸ್ತಿಲಲ್ಲಿ ಕುಳಿತು ಅರ್ಧ ಲೋಟ ಚಹಾ ಕುಡಿದೇ ಮೆಟ್ಟಿಲು ಹತ್ತುತ್ತಿದ್ದಳು, ಆ ಅರ್ಧ ಲೋಟ ಪಾತ್ರೆಯಲ್ಲೇ ಆರಿತು. ಮೇಷ್ಟ್ರು ಪೇಪರ್ ಓದಿ ಹೇಳಲು ಬರಲಿಲ್ಲ. ಅವರ ಪೇಪರ್ ಓದು ನನಗೆ ತಲೆನೋವು ಎಂದು ನಿನ್ನ ಹತ್ತಿರವೇ ದೂರಿದ್ದೇನೆ. ಆ ತಲೆನೋವು ಬೇಕು ಅನ್ನಿಸುತ್ತಿದೆ ಮಗಳೇ. ಗಲ್ಲಿಯಲ್ಲಿ ಏನಿದೆ ಅಂತ ಕೇಳಿದೆಯಲ್ಲ, ಇಷ್ಟೇ ಇದ್ದದ್ದು.

ಸೋಮವಾರ ಏನಾಗುವುದೋ ಗೊತ್ತಿಲ್ಲ. ಅಳಿಯಂದಿರಿಗೆ ಈಗಲೇ ಏನೂ ಹೇಳಬೇಡ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ


ತಾ. ೩-೧೨, ಬುಧವಾರ

ಪ್ರೀತಿಯ ಮಗಳಿಗೆ,

ಇಬ್ಬರೂ ಚೆನ್ನಾಗಿರಿ. ನಿನ್ನ ಉತ್ತರ ವಾರದ ಹಿಂದೆಯೇ ಬಂತು. ಕೂಡಲೇ ಬರೆಯಬೇಕಿತ್ತು, ನಿನಗೆ ಅಲ್ಲಿ ಎದೆ ಡವಡವ ಎಂದು ಗೊತ್ತಿತ್ತು. ಆದರೂ ತಡ ಮಾಡಿದೆ. ಕ್ಷಮಿಸಿಬಿಡು. ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ: ಬೀಗದ ಕೈ ಸಿಕ್ಕಿತು. ಕಳ್ಳಿ ನಾನೇ.

ಆದರೆ ಅದಕ್ಕೆ ಮುಂಚೆ ಸೋಮವಾರ ಬಂತು. ಮೇಷ್ಟ್ರು ಆಡಿದ ಮಾತು ಉಳಿಸಿಕೊಂಡರು. ಪೇದೆಯೊಬ್ಬ ಬಂದು, "ಸ್ವಲ್ಪ ಸ್ಟೇಷನ್ ಕಡೆ ಬಂದು ಹೋಗಿ ಯಜಮಾನ್ರೇ, ಏನಿಲ್ಲ, ಎರಡು ಮಾತು" ಅಂದ. ನಿಮ್ಮಪ್ಪ ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತು, ಸುತ್ತಿಟ್ಟು, ಅಂಗಿ ಬದಲಾಯಿಸಿಕೊಂಡು ಹೊರಟರು. ಗಲ್ಲಿಯ ಕಿಟಕಿಗಳೆಲ್ಲ ಒಂದೊಂದು ಬೆರಳಿನಷ್ಟು ತೆರೆದಿದ್ದವು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಬೆಂಚಿನ ಮೇಲೆ ಕೂರಿಸಿದ್ದರಂತೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಎರಡು ಮಾತೂ ಆಡಲಿಲ್ಲ, ಬರೇ ಕೂರಿಸಿದರು. ನಾನು ಅಂಗಡಿಯಲ್ಲಿ ಕುಳಿತು ಒಂದು ಜೇಬನ್ನು ನಾಲ್ಕು ಸಲ ಹೊಲಿದು ನಾಲ್ಕು ಸಲ ಬಿಚ್ಚಿದೆ. ವಾಪಸು ಬಂದವರು, "ಊಟ ಇದೆಯಾ?" ಅಂದರು. ಅಷ್ಟೇ. ಬಡಿಸಿದೆ. ಉಂಡರು. ಆ ವಾರವಿಡೀ ನಮ್ಮ ಅಂಗಡಿಗೆ ಇಸ್ತ್ರಿಗೆ ಬಂದದ್ದು ಮೂರು ಬಟ್ಟೆ, ಅದರಲ್ಲಿ ಎರಡು ನಮ್ಮವೇ.

ಮುಂದಿನ ಭಾನುವಾರ ಗೋದಾಮಿನ ಕಾವಲುಗಾರ ಬಂದ. ನಿನಗೆ ಗೊತ್ತಿಲ್ಲ, ಹೊಸಬ, ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಅವನ ನಿಲುವಂಗಿಯಂಥ ಕೋಟಿಗೆ ಹೊಸ ಅಸ್ತರು ಹಾಕಿಕೊಟ್ಟಿದ್ದೆ. ಕೋಟನ್ನು ಮೇಜಿನ ಮೇಲೆ ಹರಡಿ, ಗುಟ್ಟು ಹೇಳುವವನ ಹಾಗೆ ಬಗ್ಗಿದ. "ಅಕ್ಕ, ನಿಮ್ಮ ಕೆಲ್ಸ ಅಂದ್ರೆ ಕೆಲ್ಸ. ಗಾಳಿಗೆ ಹಾರಬಾರ್ದು ಅಂತ ಅಂಚಿನಲ್ಲಿ ಭಾರ ಇಟ್ಟು ಹೊಲಿದಿದ್ದೀರಲ್ಲ, ನಾನು ಕೇಳದೇ ಇಟ್ಟಿದ್ದೀರಿ. ಆದ್ರೆ ಬಲಗಡೆ ಮಾತ್ರ ಇದೆ. ಎಡಗಡೆಗೂ ಒಂದು ಇಟ್ಟುಬಿಡಿ, ನಡೆಯುವಾಗ ಸರಿಯಾಗ್ತದೆ."

ಒಳ್ಳೆಯ ಕೋಟಿನ ಅಂಚಿಗೆ ದರ್ಜಿಗಳು ಸಣ್ಣ ಸೀಸದ ಬಿಲ್ಲೆ ಇಡುವುದುಂಟು. ನಾನು ಇಟ್ಟಿರಲಿಲ್ಲ. ಬೆರಳಿಟ್ಟು ಒತ್ತಿದೆ. ಬಿಲ್ಲೆಗೆ ಹಲ್ಲು ಇರುವುದಿಲ್ಲ, ಇದಕ್ಕೆ ಇತ್ತು. ಹೊಲಿಗೆ ಬಿಚ್ಚುವ ಅವಸರದಲ್ಲಿ ಅಸ್ತರು ಹರಿಯಿತು. ಬಿಳಿ ಬಟ್ಟೆಯ ಚೂರು ಮೊದಲು ಬಂತು, ಆಮೇಲೆ ಬೀಗದ ಕೈ. ಕೋಟನ್ನು ಹಲಗೆಯ ಕೆಳಗೇ ಹರಡಿಕೊಂಡು, ಅಂಚು ಬಾಯಿ ತೆರೆದೇ ಬಿಟ್ಟಿದ್ದೆ. ಯಂತ್ರ ಓಡುವಾಗ ಗೋಡೆ ಅದುರಿ ಬೀಗದ ಕೈ ಮೊಳೆಯಿಂದ ಕಳಚಿ ಒಳಕ್ಕೆ ಬಿದ್ದಿದೆ. ನಾನು ನೋಡದೆ ಹೊಲಿದು, ಇಸ್ತ್ರಿ ಮಾಡಿಸಿ, ಅವನ ಕೈಗೆ ಕೊಟ್ಟು ಕಳಿಸಿದ್ದೇನೆ. ಕಾವಲುಗಾರ ಹದಿನೈದು ದಿನ ಬೇರೆಯವರ ಬೀಗದ ಕೈ ಹೊತ್ತು ಗೋದಾಮು ಕಾದಿದ್ದಾನೆ.

ಅದನ್ನು ಅಂಗೈಯಲ್ಲಿ ಹಿಡಿದು ಗಲ್ಲಿಯ ಈ ತುದಿಯಿಂದ ಆ ತುದಿಗೆ, ಪ್ರತಿ ಮನೆಯ ಬಾಗಿಲು ಬಡಿದು ತೋರಿಸಿದೆ. "ನಾನೇ ಹೊಲಿದು ಹಾಕಿದ್ದೆ, ನೋಡಿ" ಎಂದು ಹನ್ನೊಂದು ಸಲ ಹೇಳಿದೆ. ನರ್ಸು ಬಾಯಿಗೆ ಕೈ ಇಟ್ಟುಕೊಂಡಳು. ಕೈಗಡಿಯಾರ ಆಸ್ಪತ್ರೆಯ ಅವಳ ಕಪಾಟಿನಲ್ಲೇ ನಾಲ್ಕು ದಿನದ ಹಿಂದೆ ಸಿಕ್ಕಿತ್ತಂತೆ, ಹೇಳಲು ಮುಖವಿರಲಿಲ್ಲವಂತೆ. ನನಗೆ ಬೆಂಕಿಯಂಥ ಕೋಪ ಬಂತು. ಬೈದೆ, ಚೆನ್ನಾಗಿಯೇ ಬೈದೆ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಅತ್ತೆವು.

ಮಾರನೆಯ ದಿನ ಬೆಳಿಗ್ಗೆ ಐದೂವರೆಗೆ ಕಿಟಕಿಯಿಂದ ಠಣ್ ಎಂದು ಬಿತ್ತು. "ರೈಟ್" ಅನ್ನಲಿಲ್ಲ, ಸಂಕೋಚ. ಮೇಷ್ಟ್ರು ಒಂದು ಪ್ಯಾಂಟು ಹಿಡಿದುಕೊಂಡು ಬಂದು ಸೊಂಟ ಬಿಗಿ ಅಂದರು. ಅಳೆದರೆ ಎರಡಿಂಚು ಸಡಿಲ. ಟೇಪು ಸುತ್ತಿಟ್ಟೆ. ಅವರು ಇಸ್ತ್ರಿ ಮೇಜಿನ ಹತ್ತಿರ ಹೋಗಿ, "ನಾನು ನಾಲಿಗೆ ಹರಿಬಿಟ್ಟದ್ದು ಜಾಸ್ತಿ ಆಯ್ತು ಕಣಯ್ಯ" ಅಂದರು. ನಿಮ್ಮಪ್ಪ, "ಇರ್ಲಿ ಬಿಡಿ ಮೇಷ್ಟ್ರೇ, ಪ್ಯಾಂಟು ಕೊಡಿ, ಗೆರೆ ಕೂರಿಸ್ತೀನಿ" ಅಂದರು. ಬೂದು ತುಂಡು ಮತ್ತೆ ಮೊಳೆಗೆ ಬಂತು. ಶನಿವಾರದ ಹೊತ್ತಿಗೆ ಹನ್ನೊಂದೂ ತುಂಬಿದವು. ನರ್ಸು ತನ್ನ ಹೊಸ ಬೀಗದ ಕೈ ತಂದು, ತಾನೇ ಬಿಳಿ ಚೂರು ಕಟ್ಟಿ ನಿಮ್ಮಪ್ಪನ ಕೈಯಲ್ಲಿ ಇಟ್ಟಳು. ಈಗ ಯಾರಾದರೊಬ್ಬರು ಬರುತ್ತಲೇ ಇರುತ್ತಾರೆ, ಯಾವ ಕೆಲಸವನ್ನೂ ನಿಲ್ಲಿಸಿ ನಿಲ್ಲಿಸಿ ಮಾಡಬೇಕಾಗಿದೆ. ಪೇಪರ್ ಓದು ಜೋರಾಗಿದೆ, ತಲೆನೋವೂ ಬಂದಿದೆ. ನಾನು ಬೈಯುತ್ತಿಲ್ಲ.

ಹಾಗಾಗಿ ನಾವು ಅಲ್ಲಿಗೆ ಬರುವ ಮಾತು ಬಿಡು, ನೀವೇ ಬನ್ನಿ. ನಿಮ್ಮಿಬ್ಬರ ಬಾಳು ಗಟ್ಟಿ ಹೊಲಿಗೆಯಾಗಿರಲಿ. ಪಕ್ಕದ ಮನೆಯ ಬಾಗಿಲನ್ನು ಒಂದು ಸಲ ತಟ್ಟು, ಸಕ್ಕರೆ ಬೇಡದಿದ್ದರೂ ಕೇಳು.

ನಿನ್ನ
ಅಮ್ಮ

ತಾ.ಕ. ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. "ಎಲ್ಲರ ಮುಂದೆ ಅಪ್ಪನ ಪರ ನಿಂತೆಯಲ್ಲ ಅಮ್ಮ, ಅವರಿಗೆ ಅಷ್ಟು ಸಾಕು" ಎಂದು ನೀನು ಬರೆದ ಸಾಲಿಗೆ ಉತ್ತರ ಕೊಡಲಾಗದೆ ತಡವಾದದ್ದು. ಮೇಷ್ಟ್ರಿಗೆ ಅಷ್ಟು ದೊಡ್ಡ ಮಾತು ಆಡಿದ ಆ ಸಂಜೆಯೇ, ನಿಮ್ಮಪ್ಪ ಸ್ನಾನಕ್ಕೆ ಹೋದಾಗ, ನಾನು ಅವರ ಅಂಗಿಯ ಜೇಬು ತಡಕಿದೆ. ಪ್ಯಾಂಟಿನದೂ ತಡಕಿದೆ. ತಿರುಗಿದರೆ ಬಾಗಿಲಲ್ಲಿ ನಿಂತಿದ್ದರು. "ಟವೆಲ್ಲು ಮರೆತೆ" ಅಂದರು. ಕೊಟ್ಟೆ. ಮಾರನೆಯ ದಿನದಿಂದ, ಅಂಗಡಿಯಿಂದ ಒಳಗೆ ಬಂದ ಕೂಡಲೇ, ಜೇಬುಗಳನ್ನು ಹೊರಗೆಳೆದು ಇದ್ದದ್ದನ್ನೆಲ್ಲ ಮೇಜಿನ ಮೇಲೆ ಇಡುತ್ತಾರೆ. ಕರ್ಚೀಫು, ಸೀಮೆಸುಣ್ಣದ ಚೂರು, ಯಾರದೋ ಉದುರಿದ ಗುಂಡಿ. ನಾನು ನೋಡುವವರೆಗೆ ನಿಂತಿದ್ದು, ಆಮೇಲೆ ಕೈಕಾಲು ತೊಳೆಯಲು ಹೋಗುತ್ತಾರೆ. ಬೀಗದ ಕೈ ಸಿಕ್ಕಿ ಹತ್ತು ದಿನವಾಯಿತು. ಇವತ್ತೂ ಇಟ್ಟರು.