ಒಂದು ಚೆಂಡೂ ಎಸೆಯದ ಮೆಂಡೆಸ್

ಹವಾನಾ, 1939

ಜನವರಿ 9, ಸೋಮವಾರ

ಇವತ್ತೂ ಅದೇ. ಒದ್ದೆ ಹೊಗೆಸೊಪ್ಪು ಬಿಡಿಸು, ನಡುದಂಟು ಎಳೆ, ಎಲೆ ಒಂದು ಕಡೆ, ದಂಟು ಒಂದು ಕಡೆ. ಬೆರಳ ಕಪ್ಪು ಸೋಪಿಗೆ ಬಗ್ಗುವುದನ್ನು ಬಿಟ್ಟು ಎಷ್ಟು ಕಾಲವಾಯಿತೋ. ನಮ್ಮ ಹೆಂಗಸರ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಆಚೆಯ ಹಾಲಿನಲ್ಲಿ ಗಂಡಸರು ಚುಟ್ಟಾ ಸುತ್ತುತ್ತಾರೆ. ಅಟ್ಟಣೆಯ ಮೇಲೆ, ಕೆಲಸದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವ ಓದುಗಾರ ಡಾನ್ ಎವಾರಿಸ್ತೊ. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಅವರ ದನಿ ನಮ್ಮ ಬಾಗಿಲು ಮುಟ್ಟುವಷ್ಟರಲ್ಲಿ ಈಗೀಗ ಅರ್ಧ ಕೆಮ್ಮೇ.

ಸ್ಪೇನಿನ ಸುದ್ದಿ ಓದುತ್ತಿದ್ದರು. ಫ್ರಾಂಕೋನ ಸೈನ್ಯ ಬಾರ್ಸಿಲೋನಾ ಕಡೆಗೆ... ಮುಗಿದಿರಲಿಲ್ಲ. "ಡಾನ್, ಸ್ವಲ್ಪ ಬೇಸ್‌ಬಾಲ್ ಪುಟ ತಿರುಗಿಸಿ," ಅಂದ ಯಾವನೋ. ಅಷ್ಟೇ. ಶುರುವಾಯಿತು, ಚೆಂಡು ಎಸೆಯುವ ನಮ್ಮ ಕ್ಯೂಬಾದ ಪಿಚರ್‌ಗಳಲ್ಲಿ ಯಾರು ದೊಡ್ಡವನು ಅನ್ನುವ ಹಳೇ ಜಗಳ.

ಬಾಲ್ದೊಮೆರೊ, ದಪ್ಪ ದನಿ, ಲುಕೆ ಪಕ್ಷ: "ಇಪ್ಪತ್ಮೂರನೇ ಇಸವಿಯಲ್ಲಿ ಇಪ್ಪತ್ತೇಳು ಗೆಲುವು ಕಣಯ್ಯಾ. ಅದೂ ಅಮೆರಿಕದ ದೊಡ್ಡ ಲೀಗಲ್ಲಿ. ನಿನ್ನ ಮೆಂಡೆಸ್ ಎಲ್ಲಿ ಎಸೆದ? ನಮ್ಮ ಹಿತ್ತಲಲ್ಲಿ."

ಮುದುಕ ಕಾಸಿಮಿರೊ, ಮೆಂಡೆಸ್ ಪಕ್ಷ. ದನಿ ಏರಿಸುವವನೇ ಅಲ್ಲ: "ಹಿತ್ತಲಿಗೇ ಬಂದಿದ್ರಲ್ಲಪ್ಪ ಆ ದೊಡ್ಡ ಲೀಗಿನ ಸಿನ್ಸಿನಾಟಿ ತಂಡದೋರು. ಕೊನೇ ಒಂಬತ್ತನೇ ಸುತ್ತಿನವರೆಗೂ ಒಂದು ಹಿಟ್ ಹುಡುಕ್ತಾ ಇದ್ರು, ಪಾಪ. ನಿನ್ನ ಲುಕೆ ಆಮೇಲೆ ಆ ಸಿನ್ಸಿನಾಟಿಯೋರ ಹತ್ರಾನೇ ಕೆಲಸಕ್ಕೆ ಸೇರಿದ."

ಮತ್ತೆ ಬಾಲ್ದೊಮೆರೊ: "ಆಗಿನ ಚೆಂಡು ಚೆಂಡಾ? ಬೇಯಿಸಿದ ಗೆಣಸು. ಉಗುಳು ಹಚ್ಚಿ, ಮಣ್ಣು ಮೆತ್ತಿ ಎಸೀತಿದ್ರು. ಲುಕೆ ಕಾಲಕ್ಕೆ ಹೊಸಾ ಬಿಳೀ ಚೆಂಡು. ಬ್ಯಾಟ್ ತಾಗಿದ್ರೆ ಸಾಕು, ಹಾರೋದು."

ಕಿಟಕಿ ಕಡೆಯ ಹುಡುಗರು: "ಇಬ್ರೂ ಮುದುಕರನ್ನ ಮಲಗಿಸ್ರಪ್ಪ. ನಮ್ಮ ದಿಹಿಗೊ ಎಸೀತಾನೆ, ಹೊಡೀತಾನೆ, ಬೇಕಾದ್ರೆ ಗೇಟಲ್ಲಿ ಟಿಕೆಟ್ಟೂ ಹರೀತಾನೆ."

ನಗು. ಹಲಗೆಗಳ ಮೇಲೆ ಚಾಕು ಬಡಿಯುವ ಸದ್ದು. ಅದು ಅವರ ಚಪ್ಪಾಳೆ. ಬಾರ್ಸಿಲೋನಾ ಸುದ್ದಿ ಅಲ್ಲೇ ನಿಂತಿತು, ಪುಟದ ಮಧ್ಯದಲ್ಲಿ. ಮೆಂಡೆಸ್ ಸತ್ತು ಹತ್ತು ವರ್ಷ ದಾಟಿದೆ. ಸತ್ತ ತೋಳಿನ ಮೇಲೆ ಜೀವಂತ ತೋಳುಗಳ ಜಗಳ. ಮಾಲೀಕನಿಗೆ ಇದಕ್ಕಿಂತ ಇನ್ನೇನು ಬೇಕು.

ಜನವರಿ 12, ಗುರುವಾರ

ಡಾನ್ ಎವಾರಿಸ್ತೊ ದನಿ ಪೂರ್ತಿ ಹೋಯಿತು. ಡಾಕ್ಟರು ಇನ್ನು ಓದಲೇಬಾರದು ಅಂದರಂತೆ. ಹೊಸ ಓದುಗಾರನನ್ನು ನಾವೇ ಆರಿಸಬೇಕು. ಅದು ಮಾಲೀಕನ ಕೈಲಿಲ್ಲ, ಸಂಬಳ ಕೊಡುವವರು ನಾವು. ಹೆಸರು ಕೊಟ್ಟವರು ಹಾಲಿನಲ್ಲಿ ಒಂದು ದಿನ ಪೂರ್ತಿ ಓದಿ ತೋರಿಸಬೇಕು. ಸಂಜೆ ಕೊನೆಗೆ ಬಾಲ್ ಚರ್ಚೆ ನಡೆಸಿಕೊಡಬೇಕು. ಅದೂ ಪರೀಕ್ಷೆಯ ಭಾಗವಂತೆ. ಹಿಂದಿನಿಂದಲೂ.

ಹೆಸರು ಕೊಟ್ಟೆ. ಇನ್ನೊಬ್ಬ ಲಿಯೊವಿಹಿಲ್ದೊ ಪಿನೊ. ಷೂ ಅಂಗಡಿಯವನು, ರೇಡಿಯೋದವರ ಹಾಗೆ ಜೇನು ಸುರಿಯುವ ಗಂಟಲು.

ಪಕ್ಕದ ಬೆಂಚಿನ ಫೆಲಾ ಅತ್ತೆ ದಂಟು ಎಳೆಯುತ್ತಲೇ, "ಡಿಗ್ನಾ, ಅಟ್ಟಣೆ ಮೇಲೆ ಹೆಂಗಸು ಕೂತ್ರೆ ಗಂಡಸರು ಓದು ಕೇಳ್ತಾರಾ, ಕಾಲು ನೋಡ್ತಾರಾ?"

"ಕಾಲು ಮುಚ್ಕೊಂಡು ಕೂತ್ಕೋತೀನಿ."

"ಆಗ ಓದು ಕೇಳಲ್ಲ ಬಿಡು."

ನಕ್ಕೆ. ಆದರೆ ಇದು ತಮಾಷೆಯಲ್ಲ. ಇಷ್ಟು ವರ್ಷ ಒಬ್ಬಳೇ, ದೀಪದ ಕೆಳಗೆ, ಕಾರ್ಮಿಕರ ಕರಪತ್ರ ಓದಿ ಓದಿ ಕಣ್ಣು ಕೆಡಿಸಿಕೊಂಡೆ. ಓದಿದ್ದು ಯಾರಿಗೆ ಹೇಳಲಿ? ಫೆಲಾ ಅತ್ತೆಗೆ ನಿದ್ದೆ ಬರುತ್ತದೆ. ಆ ಅಟ್ಟಣೆ ಸಿಕ್ಕರೆ ಇಡೀ ಕಾರ್ಖಾನೆ ಕೇಳುತ್ತದೆ, ದಿನವೂ. ಅದು ಸಿಗದಿದ್ದರೆ... ದಂಟು. ಸಾಯುವವರೆಗೆ ದಂಟು.

ಜನವರಿ 15, ಭಾನುವಾರ

ಡಾನ್ ಎವಾರಿಸ್ತೊ ಮನೆಗೆ ಹೋಗಿದ್ದೆ. ಕುತ್ತಿಗೆಗೆ ಉಣ್ಣೆ ಸುತ್ತಿಕೊಂಡು ಕೂತಿದ್ದಾರೆ. ಹೊರಗೆ ಉತ್ತರದ ಚಳಿಗಾಳಿ. ಕಾಫಿ ಕೊಟ್ಟರು, ಅಂಗೈಯಗಲದ ಬಟ್ಟಲಲ್ಲಿ. ಪಿಸುದನಿಯಲ್ಲಿ ಹೇಳಿದ್ದು ಇಷ್ಟು:

"ಸುದ್ದಿ ನಿನ್ನಿಷ್ಟದ ಹಾಗೆ ಓದು ಮಗೂ. ಆದರೆ ಬಾಲ್ ಚರ್ಚೆಯಲ್ಲಿ ತೀರ್ಪು ಕೊಡಬೇಡ. ನಾನು ಯಾವತ್ತೂ ಕೊಟ್ಟಿಲ್ಲ."

"ಯಾವತ್ತೂನಾ?"

"ಒಬ್ಬರ ಬಾಯಿ ಮುಚ್ಚಿದಾಗ ಇನ್ನೊಬ್ಬರನ್ನ ಕೇಳೋದು. ಅಷ್ಟೇ ನಮ್ಮ ಕೆಲಸ."

ತಲೆಯಾಡಿಸಿದೆ. ಮನಸ್ಸಿನಲ್ಲಿ ಅಂದುಕೊಂಡಿದ್ದು ಬೇರೆ. ಜೀವನವಿಡೀ ಅಟ್ಟಣೆ ಮೇಲೆ ಕೂತು ಒಂದು ಅಭಿಪ್ರಾಯವೂ ಹೇಳದೆ ಇಳಿದು ಬಂದಿದ್ದಾರೆ. ಇದಕ್ಕೆ ಏನಂತಾರೆ? ಹೇಡಿತನ.

ಜನವರಿ 17, ಮಂಗಳವಾರ

ಪಿನೊ ಓದಿದ. ಚೆನ್ನಾಗಿಯೇ ಓದಿದ, ಒಪ್ಪಬೇಕು. ಸ್ಪೇನ್ ಸುದ್ದಿಯನ್ನು ಊಟದ ಮೆನು ಓದಿದ ಹಾಗೆ ಓದಿದ. ಬಾಲ್ ಚರ್ಚೆ ಬಂದಾಗ, "ಬಾಲ್ದೊಮೆರೊ ಅಣ್ಣ ಹೇಳಿದ್ದೂ ಸರಿ, ಕಾಸಿಮಿರೊ ಮಾಮ ಹೇಳಿದ್ದೂ ಸರಿ." ಬೆಣ್ಣೆ. ಚಾಕುಗಳು ಬಡಿದವು. ಕಿವಿ ಮುಚ್ಚಿಕೊಳ್ಳೋಣ ಅನ್ನಿಸಿತು, ಕೈ ಒದ್ದೆ.

ಜನವರಿ 19, ಗುರುವಾರ, ಬೆಳಿಗ್ಗೆ

ಇವತ್ತು ನನ್ನದು. ಸರಿಯಾಗಿ ನಿದ್ದೆಯಿಲ್ಲ. ಚರ್ಚೆಗೆ ಏನು ಹೇಳಬೇಕೆಂದು ಗೊತ್ತು. ಪ್ರಶ್ನೆಯೇ ಸುಳ್ಳು ಎಂದು ಹೇಳುತ್ತೇನೆ. ಕಪ್ಪು ಮನುಷ್ಯನಿಗೆ ಅಮೆರಿಕದ ದೊಡ್ಡ ಲೀಗಿನ ಬಾಗಿಲು ಮುಚ್ಚಿತ್ತು, ಈಗಲೂ ಮುಚ್ಚಿದೆ. ಲುಕೆ ಬಿಳಿಚರ್ಮದವನು, ಒಳಗೆ ಹೋದ. ಮೆಂಡೆಸ್ ಹೊರಗೇ ಉಳಿದ. ಬಾಗಿಲ ಒಳಗಿನವನನ್ನೂ ಹೊರಗಿನವನನ್ನೂ ಹೇಗೆ ಹೋಲಿಸುತ್ತೀರಿ? ನನ್ನ ಚರ್ಮವೂ ಮೆಂಡೆಸ್ ಕಡೆಯದೇ. ಕಾಸಿಮಿರೊ ಮಾಮನಂತೂ ಎದ್ದು ನಿಂತು ಚಾಕು ಬಡಿಯುತ್ತಾನೆ.

ಅದೇ ದಿನ, ಸಂಜೆ

ಬರೆಯಲು ಕೈ ಬರುತ್ತಿಲ್ಲ. ಬರೆದೇ ಮಲಗುತ್ತೇನೆ.

ಸುದ್ದಿ ಚೆನ್ನಾಗಿ ಹೋಯಿತು. ಸ್ಪೇನ್ ಓದುವಾಗ ಹಾಲ್ ನಿಶ್ಶಬ್ದ. ಕಾದಂಬರಿಗೆ ಕಿಟಕಿ ಕಡೆಯ ಹುಡುಗರೂ ಬಡಿದರು. ಕೊನೆಗೆ ಚರ್ಚೆ. ಬಾಲ್ದೊಮೆರೊ ಶುರುಮಾಡಿದ. ನಾನು ಕೈ ಎತ್ತಿ ನಿಲ್ಲಿಸಿದೆ. ಅಂದುಕೊಂಡಿದ್ದೆಲ್ಲ ಹೇಳಿದೆ, ಒಂದು ವಾಕ್ಯವೂ ತಪ್ಪಲಿಲ್ಲ. ಮುಚ್ಚಿದ ಬಾಗಿಲು. ಕಳ್ಳತನವಾದ ಬದುಕು. ಮೆಂಡೆಸ್ ಏನಾಗಬಹುದಿತ್ತು, ಏನಾಗಲು ಬಿಡಲಿಲ್ಲ. "ಅವನು ದೊಡ್ಡ ಪಿಚರ್ ಹೌದೋ ಅಲ್ಲವೋ ನಮಗೆ ಗೊತ್ತಾಗುವುದೇ ಇಲ್ಲ, ಸಂಗಾತಿಗಳೇ. ಅದನ್ನೇ ಅವರು ನಮ್ಮಿಂದ ಕದ್ದದ್ದು. ಆದ್ದರಿಂದ ಈ ಚರ್ಚೆ ಇವತ್ತಿಗೆ ಮುಗಿಯಿತು."

ಚಾಕು ಬಡಿಯಲಿ ಎಂದು ಕಾದೆ.

ಆಮೇಲೆ ಒಂದು ಚಾಕು ನೆಲಕ್ಕೆ ಬಿತ್ತು. ಕೈ ಜಾರಿ ಬಿದ್ದ ಸದ್ದಲ್ಲ, ಹಾಕಿದ ಸದ್ದು. ಓದು ಬೇಡ ಅನ್ನುವುದಕ್ಕೆ ಅವರು ಹಾಗೆ ಹಾಕುತ್ತಾರೆ. ನೋಡಿದೆ. ಹಾಕಿದವನು ಬಾಲ್ದೊಮೆರೊ ಅಲ್ಲ. ಕಾಸಿಮಿರೊ.

ಅವನ ಹಿಂದೆ ಇನ್ನೊಂದು. ಇನ್ನೊಂದು. ಕಲ್ಲು ನೆಲದ ಮೇಲೆ ಆ ಸದ್ದು... ಇಳಿಯುವಾಗ ಮೆಟ್ಟಿಲು ಕಾಣಲಿಲ್ಲ.

ಜನವರಿ 22, ಭಾನುವಾರ

ಎರಡು ದಿನ ಯಾರ ಮುಖವನ್ನೂ ನೋಡದೆ ದಂಟು ಎಳೆದೆ. ಇವತ್ತು ಕಾಸಿಮಿರೊ ಮನೆಗೇ ಹೋದೆ. ಜಗಳಕ್ಕೆಂದೇ ಹೋದದ್ದು. ಅವನಿರುವುದು ಹತ್ತಾರು ಸಂಸಾರಗಳ ಒಂದೇ ಅಂಗಳದ ಹಳೇ ಕಟ್ಟಡ. ಬಾಗಿಲ ಮುಂದೆ ಸ್ಟೂಲ್ ಹಾಕಿಕೊಂಡು ಗಡ್ಡೆ ಹೆರೆಯುತ್ತಿದ್ದ.

"ನಿಮ್ಮ ಕಡೆ ಮಾತಾಡಿದ್ದಕ್ಕೆ ನೀವೇ ಮೊದಲು ಚಾಕು ಹಾಕಿದ್ರಿ."

"ಕೂತ್ಕೋ. ಬಿಸಿಲು ಬಿಡು, ನೆರಳಿಗೆ ಬಾ."

"ನಾನು ಹೇಳಿದ್ರಲ್ಲಿ ಸುಳ್ಳು ಯಾವುದು, ಅದು ಹೇಳಿ ಸಾಕು."

"ಯಾವುದೂ ಇಲ್ಲ." ಗಡ್ಡೆ ನೀರಿಗೆ ಹಾಕಿದ. "ಬಾಗಿಲು ಮುಚ್ಚಿತ್ತು. ನನಗೆ ಗೊತ್ತಿಲ್ವಾ ಅದು? ಈ ಚರ್ಮದ ಒಳಗೆ ನಿನಗಿಂತ ಜಾಸ್ತಿ ದಿನದಿಂದ ಇದ್ದೀನಿ ಮಗಳೇ. ಅದನ್ನ ಕಾಗದದಲ್ಲಿ ಓದಿ ಹೇಳಬೇಕಾ ನನಗೆ?"

"ಮತ್ತೆ?"

"ಅಷ್ಟೊತ್ತು ಮಾತಾಡ್ದೆ. ನಿನ್ನ ಮಾತಲ್ಲಿ ಮೆಂಡೆಸ್ ಒಂದೇ ಒಂದು ಚೆಂಡು ಎಸೀಲಿಲ್ಲ."

ಇನ್ನೊಂದು ಗಡ್ಡೆ ಕೈಗೆತ್ತಿಕೊಂಡ.

"ಬರೀ ನಿಂತಿದ್ದ. ಮುಚ್ಚಿದ ಬಾಗಿಲ ಮುಂದೆ, ಟೋಪಿ ಕೈಲಿ ಹಿಡ್ಕೊಂಡು, ಪಾಪದವನ ಥರ. ನಾನು ನೋಡಿದ ಮೆಂಡೆಸ್ ಅವನಲ್ಲ. ದೊಡ್ಡ ಪಿಚರ್ ಹೌದೋ ಅಲ್ವೋ ಗೊತ್ತಾಗಲ್ಲ ಅಂದ್ಯಲ್ಲ—ನನಗೆ ಗೊತ್ತು. ಸಿನ್ಸಿನಾಟಿಯೋರಿಗೂ ಗೊತ್ತು." ಹೆರೆಯುವುದನ್ನು ನಿಲ್ಲಿಸಿದ. "ಬಾಲ್ದೊಮೆರೊ ಕತ್ತೆ. ಆದ್ರೂ ಅವನು ದಿನಾ ಕೆಣಕ್ತಾನೆ, ಅದಕ್ಕೇ ಮೆಂಡೆಸ್ ದಿನಾ ಎದ್ದು ಬಂದು ಇನ್ನೊಂದ್ಸಲ ಎಸೀತಾನೆ. ನೀನು ಚರ್ಚೆ ಮುಗೀತು ಅಂದೆ. ಇಪ್ಪತ್ತೆಂಟನೇ ಇಸವಿಯಲ್ಲಿ ಒಂದ್ಸಲ ಹೂತಿದ್ವಿ ಅವನನ್ನ. ಗುರುವಾರ ನೀನು ಇನ್ನೊಂದ್ಸಲ ಹೂತೆ."

ಅಂಗಳದಲ್ಲಿ ಕೋಳಿ ಓಡಾಡುತ್ತಿತ್ತು. ಅದನ್ನೇ ನೋಡುತ್ತಾ ಕೂತೆ. ಜಗಳಕ್ಕೆ ತಂದಿದ್ದ ಮಾತು ಬಿಟ್ಟು ಕೇಳಿದೆ: "ನೀವು ಎಲ್ಲಿ ನಿಂತಿದ್ರಿ, ಅವತ್ತು, ಸಿನ್ಸಿನಾಟಿಯೋರ ಆಟದ ದಿನ?"

ಮುದುಕ ತಲೆಯೆತ್ತಿ ನೋಡಿದ. ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲವೇನೋ.

ಹೇಳಿದ. ಗಡ್ಡೆ ಬೆಂದು, ಅವನ ಹೆಂಡತಿ ತಟ್ಟೆಗೆ ಹಾಕಿ ಬೆಳ್ಳುಳ್ಳಿ ಎಣ್ಣೆ ಸುರಿದು ಕೊಡುವವರೆಗೂ ಹೇಳುತ್ತಲೇ ಇದ್ದ.

ಜನವರಿ 24, ಮಂಗಳವಾರ

ಪಿನೊ ಗೆದ್ದ. ಟೋಪಿಯಲ್ಲಿ ಚೀಟಿ ಹಾಕಿದರು. ನಮ್ಮ ಕೋಣೆಯ ಹೆಂಗಸರಲ್ಲೂ ಎಲ್ಲರೂ ನನಗೆ ಹಾಕಿಲ್ಲ, ಮುಖ ನೋಡಿದರೆ ತಿಳಿಯುತ್ತದೆ. ಫೆಲಾ ಅತ್ತೆ ಹಾಕಿದ್ದಾಳೆ. "ನಿನ್ನ ಓದು ಚೆನ್ನಾಗಿತ್ತು ಕಣೆ, ನನಗೆ ನಿದ್ದೇನೇ ಬರಲಿಲ್ಲ," ಅಂದಳು.

ಅಳು ಬರಲಿಲ್ಲ. ಸುಸ್ತು, ಅಷ್ಟೇ. ಭುಜದಿಂದ ಬೆರಳವರೆಗೆ.

ಜನವರಿ 27, ಶುಕ್ರವಾರ

ಬಾರ್ಸಿಲೋನಾ ಬಿತ್ತು. ನಿನ್ನೆ.

ಪಿನೊ ಎರಡು ಸಾಲು ಓದಿದ. ಜೇನು ದನಿಯಲ್ಲಿ. ಆಮೇಲೆ ಪುಟ ತಿರುಗಿಸುವ ಸದ್ದು. ಬಾಯಿ ತೆರೆದೆ. ಏಳಬೇಕು, ಕೂಗಬೇಕು ಅಂದುಕೊಂಡೆ. ಆಗಲಿಲ್ಲ. ಚಾಕುಗಳು ನೆಲಕ್ಕೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ನಾನು ಯಾರು ಹೇಳಲು.

ಕೂಗಿದ್ದು ಫೆಲಾ ಅತ್ತೆ. ಕೂತಲ್ಲಿಂದಲೇ. "ಏನಪ್ಪಾ ಪಿನೊ, ಒಂದೂರು ಬೀಳೋಕೆ ಎರಡೇ ಸಾಲಾ? ನಿನ್ನ ಷೂ ಜಾಹೀರಾತು ಅದಕ್ಕಿಂತ ಉದ್ದ ಇರುತ್ತೆ."

ಹಾಲಿನಲ್ಲಿ ನಗು. ಒಂದು ಚಾಕು ಹಲಗೆ ಬಡಿಯಿತು, ನಿಧಾನವಾಗಿ. ಆಮೇಲೆ ಹಲವು. ಪಿನೊ ಪುಟ ಹಿಂದಕ್ಕೆ ತಿರುಗಿಸಿ ಪೂರ್ತಿ ಓದಿದ. ರಸ್ತೆ ತುಂಬ ಜನ, ಗಂಟು ಮೂಟೆ, ಮಕ್ಕಳು, ಫ್ರಾನ್ಸಿನ ಗಡಿ ಕಡೆಗೆ... ದನಿಯಲ್ಲಿ ಜೇನು ಕಡಿಮೆಯಾಗಿತ್ತು. ಕೇಳುತ್ತಾ ಕೇಳುತ್ತಾ ನನ್ನ ಕೈ ನಿಂತುಹೋಗಿತ್ತು. ಮೇಸ್ತ್ರಿ ಬೈದ.

ಫೆಬ್ರುವರಿ 7, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಏನಿದೆ ಬರೆಯಲು. ಎಲೆ, ದಂಟು. ಕರಪತ್ರಗಳನ್ನು ಮಂಚದ ಕೆಳಗೆ ತಳ್ಳಿದ್ದೇನೆ. ಬಿಸಾಡಿಲ್ಲ.

ಇವತ್ತಿನದು ಬರೆಯಬೇಕು.

ಮಧ್ಯಾಹ್ನ ಅದೇ ಚರ್ಚೆ. ಬಾಲ್ದೊಮೆರೊ ಇಪ್ಪತ್ತೇಳು ಗೆಲುವನ್ನು ಮತ್ತೆ ತೆಗೆದ. ಹುಡುಗರು ದಿಹಿಗೊನನ್ನು ತಂದರು. ಪಿನೊ, "ಕಾಸಿಮಿರೊ ಮಾಮ, ಈಗ ನಿಮ್ಮ ಸರದಿ," ಅಂದ.

"ನನ್ನದು ಇವತ್ತು ಬೇಡ," ಅಂದ ಮುದುಕ. "ಆ ಬಾಗಿಲಾಚೆ ಒಬ್ಬಳಿದ್ದಾಳೆ. ಅವಳನ್ನ ಕೇಳು."

"ಹೆಂಗಸರು ಬಾಲ್ ಎಲ್ಲಿ ನೋಡಿರ್ತಾರೆ ಮಾಮ?"

ಫೆಲಾ ಅತ್ತೆ ಸುಮ್ಮನಿರುವುದುಂಟೇ. "ನೀನು ಬಾರ್ಸಿಲೋನಾ ನೋಡಿದ್ಯಾ? ಓದಲಿಲ್ವಾ?"

ಬಾಲ್ದೊಮೆರೊ ನಗುತ್ತಾ, "ಬರಲಿ ಬಿಡಿ. ಸಂಗಾತಿಯವರು ಈ ಸಲ ಯಾವ ಬಾಗಿಲು ಮುಚ್ತಾರೋ ನೋಡೋಣ."

ಎದ್ದೆ. ಏಪ್ರನ್ ಒದ್ದೆ, ಕೈಯಲ್ಲಿ ಒಂದು ದಂಟು ಹಾಗೇ ಇತ್ತು. ಹಾಲಿನ ಒಳಗೆ ಹೋಗಲಿಲ್ಲ, ಹೊಸ್ತಿಲ ಮೇಲೇ ನಿಂತೆ. ಎಲ್ಲರೂ ತಿರುಗಿದ್ದರು. ಕಾಸಿಮಿರೊ ಮಾತ್ರ ತಿರುಗಲಿಲ್ಲ. ತಲೆ ತಗ್ಗಿಸಿ ಎಲೆ ಸುತ್ತುತ್ತಿದ್ದ.

"ಮೂರನೇ ಬೇಸಿನ ಹಿಂದೆ ಬೇಲಿ," ಅಂದೆ. "ಬಿಸಿಲು ಕಣ್ಣಿಗೆ ಹೊಡೀತಿದೆ. ಮುಂದಿರೋನ ಟೋಪಿ ಅಡ್ಡ. ಟೋಪಿ ತೆಗಿಯಯ್ಯಾ ಅಂತ ಹಿಂದಿನೋರೆಲ್ಲ ಬೈತಿದ್ದಾರೆ."

ಯಾರೋ ಸಣ್ಣಗೆ ನಕ್ಕರು.

"ಸಣ್ಣ ಆಳು. ಅಷ್ಟು ಸಣ್ಣವನು ಅಂತ ಯಾರೂ ಅಂದ್ಕೊಂಡಿರಲಿಲ್ಲ. ಬೆರಳು ಮಾತ್ರ ಉದ್ದ. ಚೆಂಡು ಆ ಬೆರಳೊಳಗೆ ಕಾಣ್ತಾನೇ ಇಲ್ಲ. ಅವಸರ ಇಲ್ಲ ಅವನಿಗೆ. ಎದುರಿಗೆ ಸಿನ್ಸಿನಾಟಿಯವನು ಬ್ಯಾಟ್ ಆಡಿಸ್ತಾ, ಬೇಗ ಎಸಿ ಅನ್ನೋ ಹಾಗೆ ನೆಲ ಕೆರೀತಿದ್ದಾನೆ. ಮೆಂಡೆಸ್ ಅವನ ಕಡೆ ನೋಡಿದ. ಕೈ ಎತ್ತಿದ."

ನಿಲ್ಲಿಸಿದೆ. ಉಸಿರಿಗೆ. ಎಲೆ ಕತ್ತರಿಸುವ ಸದ್ದು ಒಂದೂ ಇಲ್ಲ. ಪಿನೊ ಪತ್ರಿಕೆ ಮಡಚಿ ಮಡಿಲಲ್ಲಿಟ್ಟುಕೊಂಡಿದ್ದ. ಕಾಸಿಮಿರೊನ ಕೈಯೂ ನಿಂತಿತ್ತು.

"ಹೂಂ," ಅಂದ ಬಾಲ್ದೊಮೆರೊ. ಅವನೇ. "ಎಸಿಯಮ್ಮಾ, ಎಷ್ಟೊತ್ತು ಹಿಡ್ಕೊಂಡಿರ್ತೀಯ?"

"ಚೆಂಡು ಬೆರಳು ಬಿಟ್ಟಿತು," ಅಂದೆ.