ಬ್ರೆಡ್ಡಿನ ತುದಿ ಮತ್ತು ದೇಶದ ಬೆಲೆಯೇರಿಕೆ

ಟ್ಯೂನಿಸ್,
ನವೆಂಬರ್ ೧೨

ಮುನಿಸಿಕೊಂಡು ಸೂಸ್‌ನ ತವರಲ್ಲಿ ಕೂತಿರುವ ನನ್ನ ನಝೀಹಾಗೆ,

ಈ ತಿಂಗಳ ಬೆಲೆಯೇರಿಕೆಗೆ ನಾನೇ ಹೊಣೆ ಎಂದು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೇನೆ. ಸರಕಾರಿ ತಕ್ಕಡಿಯ ಕಣ್ತಪ್ಪಿಸಿ ಒಂದು ಬ್ರೆಡ್ಡಿನ ತುದಿ ಮುರಿದು ತಿಂದೆ. ಬಿಸಿಯಾಗಿತ್ತು.

ಹೋಗುವಾಗ ನೀನು, "ಕೈಯಲ್ಲೊಂದು ಕೆಲಸ ಇಟ್ಕೊಂಡು ಕರಿ, ಬರ್ತೀನಿ. ಬರೀ ಮಾತು ಬೇಯಿಸಿ ಎಷ್ಟು ದಿನ ಬಡಿಸ್ತೀಯ?" ಅಂದಿದ್ದೆ. ಇಗೋ, ಕೆಲಸ ಸಿಕ್ಕಿತು! ಬೆಲೆ ಲೆಕ್ಕದ ಕಚೇರಿಯಲ್ಲಿ. ತಿಂಗಳು ತಿಂಗಳೂ ಅದೇ ಅಂಗಡಿಗೆ ಹೋಗಿ ಅದೇ ಸಾಮಾನಿನ ಬೆಲೆ ಬರೆದು ತರಬೇಕು. ಬ್ರೆಡ್ಡಿನ ಬೆಲೆಯನ್ನು ಸರಕಾರ ಕಟ್ಟಿಹಾಕಿದೆ, ಅಲುಗಾಡುವುದಿಲ್ಲ. ಅದಕ್ಕೇ ಬ್ರೆಡ್ಡನ್ನೇ ತಂದು ತೂಗುತ್ತೇವೆ. ತೂಕ ಇಳಿದರೆ ಬೆಲೆ ಏರಿದಂತೆ.

ಖ್ಮೈಸ್ ಕಾಕಾನ ಬೇಕರಿಯಲ್ಲಿ ಆಗತಾನೆ ಬೆಂದ ಬ್ರೆಡ್ಡು, ನನ್ನದು ಬೆಳಗಿನಿಂದ ಖಾಲಿ ಹೊಟ್ಟೆ. ಈ ಊರಲ್ಲಿ ತುದಿ ಕಚ್ಚದೆ ಬ್ರೆಡ್ಡನ್ನು ಮನೆ ಮುಟ್ಟಿಸಿದವರು ಯಾರಿದ್ದಾರೆ? ಕಚೇರಿಯಲ್ಲಿ ಸಾಹೇಬರು ತೂಗಿ ಹುಬ್ಬೇರಿಸಿದರು: "ಮೊಂಜಿ, ಈ ಬೇಕರಿಯವನು ದೇಶಕ್ಕೇ ಟೋಪಿ ಹಾಕ್ತಿದಾನಲ್ಲಯ್ಯ!" ನಾನು ಬಾಯೊರೆಸಿಕೊಂಡು ಹೌದೆಂದೆ.

ಮರುದಿನ ಸಾಹೇಬರು ನನ್ನನ್ನೂ ಕಟ್ಟಿಕೊಂಡು ತನಿಖೆಗೆ ಹೊರಟರು. ಕಾಕಾ ಬುಟ್ಟಿಯ ಬ್ರೆಡ್ಡನ್ನೆಲ್ಲ ತೂಗಿ ತೋರಿಸಿದರು. ಎಲ್ಲ ಸರಿಯಾಗಿತ್ತು. ಆಮೇಲೆ ನನ್ನತ್ತ ತಿರುಗಿ, "ನಿನ್ನೆ ಮೂಲೆ ತಿರುಗೋ ಮೊದಲೇ ನಿನ್ನ ದವಡೆ ಅಲ್ಲಾಡ್ತಿತ್ತಲ್ಲೋ ಮಗನೇ, ಅದನ್ನೂ ತೂಗ್ಲಾ?" ಅಂದರು. ಬೀದಿಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಅಲ್ಲಿಗೆ ಮುಗಿಯಿತು.

ಅಂತೂ ನಿನ್ನ ಗಂಡ ಈಗ, ಬೆಲೆಯೇರಿಕೆಯ ಅಂಕಿಗೆ ನಿರುದ್ಯೋಗದ ಅಂಕಿ ಕೂಡಿಸಿ ದೇಶದ ಸಂಕಟ ಅಳೆಯುವ ದೊಡ್ಡ ಮನುಷ್ಯ. ನಮ್ಮ ಮನೆಯ ಸಂಕಟಕ್ಕೆ ಅಷ್ಟೆಲ್ಲ ಲೆಕ್ಕ ಬೇಡ. ಎದುರಿನ ಖಾಲಿ ಕುರ್ಚಿ ನೋಡಿದರೆ ಸಾಕು. ಬೇಗ ಬಾ. ಅಳಿಯ ಈಗ ಸರಕಾರಿ ನೌಕರ ಅಂತ ಅತ್ತೆಗೂ ಹೇಳು.

ನಿನ್ನವನೇ ಆದ
ಮೊಂಜಿ

ಮರೆತ ಮಾತು: ಸಾಹೇಬರು ನಕ್ಕದ್ದು ನಿಜ. ನಕ್ಕು, ನಾಳೆಯಿಂದ ಬರಬೇಡ ಅಂದರು. ಬೆಲೆಯೇರಿಕೆಯ ಜೊತೆಗೆ ನಿರುದ್ಯೋಗವನ್ನೂ ನಾನೊಬ್ಬನೇ ಏರಿಸಿದಂತಾಯಿತು. ಅಯ್ಯೋ ಅನ್ನಿಸಿ ಕಾಕಾನೇ ಬೆಳಗ್ಗೆ ಒಂದು ತಾಸು ಬುಟ್ಟಿ ಹೊರಲು ಕರೆದಿದ್ದಾರೆ. ವಾರಕ್ಕೆ ಒಂದೇ ತಾಸು ದುಡಿದರೂ ಕಚೇರಿಯ ಲೆಕ್ಕದಲ್ಲಿ ಉದ್ಯೋಗಿಯೇ, ಹಾಗಾಗಿ ನಾನು ಪೂರ್ತಿ ಸುಳ್ಳನಲ್ಲ. ಕೂಲಿ ಒಂದು ಬ್ರೆಡ್ಡು. ಇವತ್ತಿನದನ್ನು ನಿನಗೆಂದು ಇಡಿಯಾಗಿ ಎತ್ತಿಟ್ಟಿದ್ದೆ. ಇದನ್ನು ಬರೆಯುತ್ತ ಬರೆಯುತ್ತ ಎರಡೂ ತುದಿ ಹೋದವು. ನಡುವಿನದು ಇದೆ. ಬರ್ತೀಯಾ?